ಡ್ರ್ಯಾಗನ್‌ಗೆ ಮಾತ್ರ ಬೆಂಕಿ ಹಚ್ಚಲು ಅನುಮತಿ ಇದೆ

ಪೋಲೆಂಡಿನ ಕ್ರಾಕೋವ್ ನಗರದಲ್ಲಿ 2019ರ ಸೆಪ್ಟೆಂಬರ್ 1ರಿಂದ ಮನೆಯ ಒಲೆಯಲ್ಲಾಗಲಿ ಬಾಯ್ಲರಿನಲ್ಲಾಗಲಿ ಕಲ್ಲಿದ್ದಲನ್ನೂ ಸೌದೆಯನ್ನೂ ಉರಿಸುವಂತಿಲ್ಲ. ಚಳಿಗಾಲದ ಹೊಗೆಮಂಜಿನಲ್ಲಿ ಕೆಮ್ಮಿ ಬೇಸತ್ತ ಊರು ಇಂಥ ಕ್ರಮ ಕೈಗೊಂಡರೆ ಆಕ್ಷೇಪಿಸುವುದು ಕಷ್ಟ. ಆದರೆ ವಾವೆಲ್ ಗುಡ್ಡದ ಬುಡದಲ್ಲಿ, ವಿಸ್ತುಲಾ ನದಿಯ ದಡದಲ್ಲಿ ನೆಲೆಸಿರುವ ಒಬ್ಬ ಹಿರಿಯ ನಿವಾಸಿಗೆ ಮಾತ್ರ ಕೆಲವು ನಿಮಿಷಗಳಿಗೊಮ್ಮೆ ಎಲ್ಲರೆದುರೇ ಬೆಂಕಿ ಉಗುಳುವ ಹಕ್ಕಿದೆ. ಆತ ಉರಿಸುವುದು ಕಲ್ಲಿದ್ದಲನ್ನಲ್ಲ, ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲವನ್ನು ಎಂಬುದನ್ನು ಒಪ್ಪಲೇಬೇಕು. ನಿಯಮ ಪಾಲಿಸುವ ರಾಕ್ಷಸ ಎಂದರೆ ಹೀಗಿರಬೇಕು.

ಶಿಲ್ಪಿ ಬ್ರೊನಿಸ್ವಾಫ್ ಹ್ರೊಮಿ ರೂಪಿಸಿದ ಈ ಲೋಹದ ಡ್ರ್ಯಾಗನ್ 1972ರಿಂದ ತನ್ನದೇ ಗುಹೆಯ ಮುಂದೆ ಕರ್ತವ್ಯದಲ್ಲಿದೆ. ಪ್ರವಾಸಿಗರು ಟಿಕೆಟ್ ಕೊಂಡು, ಗುಡ್ಡದ ಮೇಲಿನಿಂದ ಸುರುಳಿ ಮೆಟ್ಟಿಲುಗಳನ್ನು ಇಳಿದು, ತಣ್ಣನೆಯ ಗುಹೆಯನ್ನು ಹಾದು ಹೊರಬಂದು, ಮೊಬೈಲು ಎತ್ತಿ ಹಿಡಿದು ಕಾಯುತ್ತಾರೆ. ಕೈ ಸೋತು ಮೊಬೈಲನ್ನು ಇಳಿಸಿದ ಕ್ಷಣದಲ್ಲೇ ಬುಸ್ಸೆಂದು ಜ್ವಾಲೆ ಎದ್ದು ಆರಿಹೋಗುವುದರಿಂದ ಮತ್ತೊಂದು ಸುತ್ತು ಕಾಯಬೇಕಾಗುತ್ತದೆ. ಶಿಲ್ಪಿ ಇದಕ್ಕೆ ಏಳು ತಲೆಗಳನ್ನು ಕೊಟ್ಟಿದ್ದರೂ ನೋಡುವವರು ಸಾಮಾನ್ಯವಾಗಿ ಒಂದು ತಲೆ, ಆರು ಮುಂಗಾಲು ಎಂದೇ ಲೆಕ್ಕ ಹಾಕುತ್ತಾರೆ. ತಲೆಗಳಿದ್ದೂ ಕಾಲುಗಳೆಂದು ಎಣಿಸಿಕೊಳ್ಳುವ ಇಂಥ ದುರ್ಗತಿ ಸಾಮಾನ್ಯವಾಗಿ ತಜ್ಞರ ಸಮಿತಿಗಳಿಗೆ ಬರುವಂಥದ್ದು.

ಈ ಪ್ರಾಣಿಯ ಸೇವಾ ದಾಖಲೆ ಅಷ್ಟೇನೂ ಚೆನ್ನಾಗಿಲ್ಲ. ಮುಂದೆ ಕ್ರಾಕೋವಿನ ಬಿಷಪ್ ಆದ ವಿನ್ಸೆಂಟಿ ಕಾದ್ವುಬೆಕ್ ಸುಮಾರು 1200ರ ಹೊತ್ತಿಗೆ ಬರೆದ ಇತಿಹಾಸದಲ್ಲಿ, ಡ್ರ್ಯಾಗನ್‌ಗೆ ವಾರವಾರವೂ ಗೊತ್ತಾದಷ್ಟು ಜಾನುವಾರುಗಳನ್ನು ಒಪ್ಪಿಸಬೇಕಿತ್ತು. ತಪ್ಪಿದರೆ ಅಷ್ಟೇ ಸಂಖ್ಯೆಯ ಮನುಷ್ಯರಿಂದ ಬಾಕಿ ವಸೂಲಾಗುತ್ತಿತ್ತು. ಏಕಚಕ್ರಪುರದ ಬಕಾಸುರ ಈ ವ್ಯವಸ್ಥೆಯನ್ನು ಕಂಡಿದ್ದರೆ ಲೆಕ್ಕಪತ್ರದ ಶಿಸ್ತಿಗೆ ತಲೆದೂಗುತ್ತಿದ್ದ. ರಾಜ ಕ್ರಾಕುಸನ ಇಬ್ಬರು ಮಕ್ಕಳು ಜಾನುವಾರುಗಳ ತೊಗಲಿಗೆ ಉರಿಯುವ ಗಂಧಕ ತುಂಬಿ ಡ್ರ್ಯಾಗನ್‌ಗೆ ನುಂಗಿಸಿ ಅದನ್ನು ಕೊಂದರು. ಅದಾದ ಮೇಲೆ ಕಿರಿಯವನು ಅಣ್ಣನನ್ನೂ ಕೊಂದು, ಡ್ರ್ಯಾಗನ್ನೇ ಕೊಂದಿತೆಂದು ಅಪ್ಪನ ಮುಂದೆ ಅತ್ತು, ಪಟ್ಟವೇರಿ, ಸತ್ಯ ಬಯಲಾದಾಗ ದೇಶಭ್ರಷ್ಟನಾದ. ಸತ್ತವರ ಮೇಲೆ ತಪ್ಪು ಹೊರಿಸಿ ಕುರ್ಚಿ ಹಿಡಿಯುವ ವಿದ್ಯೆಗೆ ಇಷ್ಟು ಹಳೆಯ ಲಿಖಿತ ಆಧಾರ ಸಿಕ್ಕಿರುವಾಗ ನಗರ ಅದನ್ನು ಕಟ್ಟು ಹಾಕಿಸಿ ಇಟ್ಟುಕೊಳ್ಳಬೇಕಿತ್ತು. ಹಾಗಾಗಲಿಲ್ಲ. 16ನೇ ಶತಮಾನದ ಬರಹಗಾರರು ಸ್ಕೂಬಾ ಎಂಬ ಚಮ್ಮಾರನನ್ನು ತಂದು ಕೊಲೆಯ ಕೀರ್ತಿಯನ್ನು ಅವನಿಗೆ ಒಪ್ಪಿಸಿದರು. ಗಂಧಕದ ಕುರಿಯನ್ನು ನುಂಗಿ, ಉರಿ ತಾಳದೆ ನದಿಯ ನೀರನ್ನು ಕುಡಿಕುಡಿದು ಡ್ರ್ಯಾಗನ್ ಹೊಟ್ಟೆ ಬಿರಿದು ಸತ್ತಿತು ಎಂಬ ಇಂದಿನ ಕತೆಯಲ್ಲಿ ಅಣ್ಣನ ಹೆಣವೂ ಇಲ್ಲ, ತಮ್ಮನ ಕಣ್ಣೀರೂ ಇಲ್ಲ. ಮಕ್ಕಳನ್ನು ಕರೆದುಕೊಂಡು ಬರುವ ಕುಟುಂಬಗಳಿಗೆ ಇದೇ ಅನುಕೂಲ. ಹತ್ತಿರದಲ್ಲೇ ಮೆತ್ತನೆಯ ಬಟ್ಟೆಯ ಹಸಿರು ಡ್ರ್ಯಾಗನ್ ಬೊಂಬೆಗಳು ಮಾರಾಟಕ್ಕಿರುತ್ತವೆ. ಅಣ್ಣನನ್ನು ಕೊಂದ ರಾಜಕುಮಾರನ ಬೊಂಬೆಯನ್ನು ಹೊಲಿದು ಮಾರುವುದು ಕಷ್ಟ.

ಸಾಕ್ಷ್ಯ ಕೇಳುವವರಿಗೆ ಗುಡ್ಡದ ಮೇಲಿನ ಕ್ಯಾಥೆಡ್ರಲ್ ಇದೆ. ಪೋಲೆಂಡಿನ ರಾಜರಿಗೆ ಕಿರೀಟಧಾರಣೆಯಾದ ಆ ಪವಿತ್ರ ಸ್ಥಳದ ಬಾಗಿಲ ಪಕ್ಕದಲ್ಲಿ, ಸರಪಳಿಯಲ್ಲಿ ತೂಗುಹಾಕಿದ ದೊಡ್ಡ ಎಲುಬುಗಳಿವೆ. ಅವು ಮ್ಯಾಮತ್, ತಿಮಿಂಗಿಲ ಮತ್ತು ಘೇಂಡಾಮೃಗಗಳವು ಎಂದು ತಿಳಿದವರು ಹೇಳುತ್ತಾರೆ. ಒಂದು ಡ್ರ್ಯಾಗನ್ನಿಗಾಗಿ ಮೂರು ಇಲಾಖೆಗಳಿಂದ ನಿಯೋಜನೆ ಮಾಡಿಸಿಕೊಂಡಿದ್ದಾರೆ ಎಂದುಕೊಂಡರಾಯಿತು. ಈ ವಿಷಯದಲ್ಲಿ ನೆರೆಹೊರೆಯ ಊರುಗಳೂ ಹಿಂದೆ ಬಿದ್ದಿಲ್ಲ: ಆಸ್ಟ್ರಿಯಾದ ಕ್ಲಾಗೆನ್‌ಫರ್ಟಿನಲ್ಲಿ ಹಿಮಯುಗದ ಘೇಂಡಾಮೃಗವೊಂದರ ತಲೆಬುರುಡೆಯನ್ನು ಡ್ರ್ಯಾಗನ್‌ನದೆಂದು ನಂಬಿ, ಅದರ ಮಾದರಿಯಲ್ಲೇ ಚೌಕದ ಕಾರಂಜಿಗೆ ಡ್ರ್ಯಾಗನ್ ಕಡೆದರು, ಚೆಕ್ ನಗರ ಬ್ರನೋದಲ್ಲಂತೂ ಹಳೆಯ ಪುರಭವನದ ಕಮಾನಿನಡಿ ಊರಿನ ಡ್ರ್ಯಾಗನ್ ಎಂದು ತೂಗಾಡುತ್ತಿರುವುದು ಸತ್ತ ಮೇಲೆ ತೊಗಲನ್ನು ತುಂಬಿಸಿಟ್ಟ ಒಂದು ಮೊಸಳೆ. ಅದು ಮೊಸಳೆಯೆಂಬುದು ಊರಿಗೆಲ್ಲ ಗೊತ್ತು. ಗೊತ್ತಿದ್ದೂ ಡ್ರ್ಯಾಗನ್ ಎನ್ನುವುದಕ್ಕೇ ಅಲ್ಲಿ ನಾಗರಿಕತ್ವ ಎನ್ನುವುದು.

ಕ್ರಾಕೋವಿನಲ್ಲಿ ಅನ್ಯಾಯವಾಗಿರುವುದು ರಾಜನಿಗೆ. ನಗರಕ್ಕೆ ಹೆಸರು ಕೊಟ್ಟ ಕ್ರಾಕುಸನ ಸಮಾಧಿ ಎಂದು ನಂಬಿದ ಸುಮಾರು 16 ಮೀಟರ್ ಎತ್ತರದ ಮಣ್ಣಿನ ದಿಬ್ಬವನ್ನು 1930ರ ದಶಕದಲ್ಲಿ ಅಗೆದು ನೋಡಿದಾಗ, 8ನೇ ಶತಮಾನದ ಸೊಂಟಪಟ್ಟಿಯ ಕಂಚಿನ ತುಣುಕೊಂದು ಸಿಕ್ಕಿತೇ ಹೊರತು ರಾಜ ಸಿಗಲಿಲ್ಲ. ಹೀಗೆ, ಇರಲಾರದ ಪ್ರಾಣಿಗೆ ಮೂರು ಬಗೆಯ ಎಲುಬುಗಳಿವೆ, ಇದ್ದಿರಬಹುದಾದ ರಾಜನಿಗೆ ಒಂದೂ ಇಲ್ಲ. ಕ್ಯಾಥೆಡ್ರಲ್ಲಿನವರು ದೊಡ್ಡ ಮನಸ್ಸು ಮಾಡಿ ತಿಮಿಂಗಿಲದ ಎಲುಬನ್ನಾದರೂ ದಿಬ್ಬಕ್ಕೆ ವರ್ಗಾಯಿಸಿದರೆ ಕ್ರಾಕುಸನಿಗೂ ಒಂದು ಆಧಾರ ಸಿಕ್ಕಂತಾಗುತ್ತದೆ. ತೊಡಕಿರುವುದು ಒಂದೇ: ಆ ಎಲುಬುಗಳು ಕೆಳಗೆ ಬಿದ್ದ ದಿನ ಲೋಕವೇ ಮುಗಿಯುತ್ತದೆ ಎಂಬ ನಂಬಿಕೆ ಅಲ್ಲಿದೆ. ಆದ್ದರಿಂದ, ಏಣಿ ಹಾಕಿ ನಿಧಾನವಾಗಿ ಬಿಚ್ಚಿ ಇಳಿಸಿದರೆ ಅದು ಬಿದ್ದಂತಾಗುತ್ತದೆಯೋ ಇಲ್ಲವೋ ಎಂಬುದರ ಬಗ್ಗೆ ಮೊದಲು ಕಾನೂನು ಸಲಹೆಗಾರರ ಅಭಿಪ್ರಾಯವನ್ನು ಲಿಖಿತವಾಗಿ ಪಡೆಯತಕ್ಕದ್ದು.