ಪತ್ತೇದಾರಿ ಆಟದಲ್ಲಿ ದಾರಿ ಬಿಟ್ಟುಕೊಡಿ, ನಿಜ ಬಿಟ್ಟುಕೊಡಬೇಡಿ

ಮಾತಿನಲ್ಲೇ ಆಡುವ ರೋಲ್‌ಪ್ಲೇ ಆಟಗಳಲ್ಲಿ ಪತ್ತೇದಾರಿ ಕಥೆ ಆಡಿಸುವ ಗೇಮ್ ಮಾಸ್ಟರ್‌ಗಳು ಪದೇ ಪದೇ ಹೇಳುವ ದೂರು ಒಂದೇ. "ಎಷ್ಟು ಕಷ್ಟಪಟ್ಟು ಬರೆದುಕೊಂಡಿದ್ದೆ, ಪ್ಲೇಯರ್‌ಗಳು ಎಲ್ಲಾ ಹಾಳು ಮಾಡಿಬಿಟ್ಟರು." ಮೊನ್ನೆ ಭದ್ರಾವತಿಯ ಗೆಳೆಯನೊಬ್ಬ ಫೋನ್ ಮಾಡಿ ಇದನ್ನೇ ಹೇಳಿದ. ಕೊಲೆ ನಡೆದ ಮನೆಗೆ ಹೋಗಬೇಕಿದ್ದವರು ಲಾಡ್ಜ್ ಮಾಲೀಕನ ಮೇಲೆ ಅನುಮಾನಪಟ್ಟು ಇಡೀ ಸಂಜೆ ಅವನ ಹಿಂದೆಯೇ ಸುತ್ತಿದರಂತೆ. ಆ ಮಾಲೀಕನಿಗೂ ಕೊಲೆಗೂ ಸಂಬಂಧವೇ ಇಲ್ಲ. ಗೆಳೆಯ ಅವನಿಗೊಂದು ಹೆಸರೂ ಇಟ್ಟಿರಲಿಲ್ಲ.

ಫೋನಿನಲ್ಲಿ ಹೇಳಿದ್ದು ಅರ್ಧಕ್ಕೆ ನಿಂತಿತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆ ಈ ಆಟ ಶುರು ಮಾಡಬೇಕು ಅಂದುಕೊಂಡಿರುವವರಿಗೂ ಉಪಯೋಗವಾಗಲಿ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ನಾಲ್ಕೈದು ಜನ ಮೇಜಿನ ಸುತ್ತ ಕೂತು ಮಾತಿನಲ್ಲೇ ಕಥೆ ಕಟ್ಟುವ ಆಟ. ಒಬ್ಬೊಬ್ಬರದು ಒಂದೊಂದು ಪಾತ್ರ. ಉಳಿದ ಊರು, ಜನ, ಮಳೆ, ನಾಯಿ ಎಲ್ಲವೂ ಗೇಮ್ ಮಾಸ್ಟರ್ ಪಾಲಿಗೆ. ಏನಾಗುತ್ತದೆ ಎಂದು ಖಾತ್ರಿ ಇಲ್ಲದ ಕಡೆ ದಾಳ ಉರುಳಿಸುತ್ತಾರೆ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಇದರ ಮೊದಲ ದೊಡ್ಡ ಹೆಸರು. ಅದರ ನಿಯಮಗಳಲ್ಲಿ ಹೊಡೆದಾಟದ್ದೇ ದೊಡ್ಡ ಪಾಲು. 1981ರಲ್ಲಿ ಕಾಲ್ ಆಫ್ ಕ್ತುಲು ಬಂತು. ಅದರಲ್ಲಿ ಕತ್ತಿಗಿಂತ ಹಳೇ ಕಾಗದಪತ್ರ ಹುಡುಕುವ ಕೆಲಸ ಜಾಸ್ತಿ. ಆಮೇಲೆ ಪತ್ತೇದಾರಿ ಆಟಗಳು ಬೇಕಾದಷ್ಟು ಬಂದವು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಆಟಗಾರರು ಕಥೆಯನ್ನು ಹಳಿ ತಪ್ಪಿಸುತ್ತಾರೆ ಅನ್ನುವ ದೂರಿನಲ್ಲಿ ಮುಕ್ಕಾಲು ಪಾಲು ಹುರುಳಿಲ್ಲ. ನಾವು ತಪ್ಪಾದ ವಿಷಯವನ್ನು ಬರೆದುಕೊಂಡು ಹೋಗಿರುತ್ತೇವೆ. ಆಟಗಾರರು ಮೊದಲು ಇಲ್ಲಿಗೆ ಹೋಗುತ್ತಾರೆ, ಆಮೇಲೆ ಇವನನ್ನು ಕೇಳುತ್ತಾರೆ, ಮೂರನೇದಾಗಿ ಪೆಟ್ಟಿಗೆ ತೆಗೆಯುತ್ತಾರೆ ಎಂದು ಬರೆಯುತ್ತೇವೆ. ಅದು ಅವರ ಕೆಲಸ, ನಮ್ಮದಲ್ಲ. ನಾವು ಬರೆಯಬೇಕಾದದ್ದು ಈಗಾಗಲೇ ನಡೆದುಹೋದದ್ದನ್ನು. ಯಾರು, ಏನು, ಯಾವಾಗ, ಯಾಕೆ ಮಾಡಿದರು, ಆಮೇಲೆ ಹೇಗೆ ಮುಚ್ಚಿಟ್ಟರು. ಅದೊಂದು ಪುಟ ಗಟ್ಟಿ ಇದ್ದರೆ ಆಟಗಾರರು ಎಲ್ಲಿಗೆ ಬೇಕಾದರೂ ಹೋಗಲಿ, ಅವರ ಜೊತೆ ಹೋಗಬಹುದು.

ನಾನು ಆಡಿಸುವ ಒಂದು ಕಥೆಯನ್ನೇ ಹೇಳುತ್ತೇನೆ. ತೀರ್ಥಹಳ್ಳಿ ಕಡೆಯ ಒಂಟಿ ಮನೆ. 1975ರ ಸುಮಾರು, ಹತ್ತಿರದಲ್ಲೆಲ್ಲೂ ಫೋನಿಲ್ಲ. ಅಡಿಕೆ ಕೊಯ್ಲಿನ ಕಾಲ. ಹೋದ ವರ್ಷದ ಸರಕನ್ನು ರೇಟಿಗೆ ಕಾದು ಅಟ್ಟದಲ್ಲಿ ಇಟ್ಟಿದ್ದಾರೆ. ಯಜಮಾನರು ಒಂದು ಚೀಲ ಬಿಚ್ಚಿ ನೋಡಿದರೆ ಮೇಲೆ ಒಂದು ಪದರ ಮಾತ್ರ ಸರಕು, ಕೆಳಗೆಲ್ಲ ಗೊರಬಲು. ಅಡಿಕೆ ಗೊತ್ತಿಲ್ಲದವರಿಗೆ ಹೇಳುವುದಾದರೆ, ಸರಕು, ಗೊರಬಲು ಎರಡೂ ಅಡಿಕೆಯ ದರ್ಜೆಗಳು, ನಮ್ಮ ಮಾರುಕಟ್ಟೆಯಲ್ಲಿ ಸರಕಿಗೆ ಎಲ್ಲಕ್ಕಿಂತ ಜಾಸ್ತಿ ಬೆಲೆ, ಗೊರಬಲಿಗೆ ತೀರಾ ಕಡಿಮೆ. ಚೀಲದ ಲೆಕ್ಕ ಸರಿಯಾಗಿದೆ, ಒಳಗಿನ ಮಾಲು ಬದಲಾಗಿದೆ. ಅನುಮಾನ ಫಸಲು ಗುತ್ತಿಗೆ ಹಿಡಿಯುವ ಚೇಣಿದಾರನ ಮೇಲೆ, ಮರ ಹತ್ತಿ ಗೊನೆ ಇಳಿಸುವ ಕೊನೆಗಾರನ ಮೇಲೆ, ಲೆಕ್ಕ ಬರೆಯುವ ಮಂಡಿ ರೈಟರ್ ಮೇಲೆ, ಹದಿನೈದು ದಿನದಿಂದ ಉಳಿದುಕೊಂಡಿರುವ ನೆಂಟರ ಮೇಲೆ. ಮಾಡಿದವನು ಮನೆಯ ಹಿರಿಮಗ. ಪೇಟೆಯಲ್ಲಿ ಸಾಲ ಮಾಡಿಕೊಂಡಿದ್ದಾನೆ. ರಾತ್ರಿ ಹೊತ್ತು ಗಾಡಿಯಲ್ಲಿ ಸ್ವಲ್ಪ ಸ್ವಲ್ಪವೇ ಸಾಗಿಸಿದ್ದಾನೆ.

ಇದಕ್ಕೆ ನಾನು ಇಟ್ಟುಕೊಂಡಿದ್ದ ಸುಳಿವುಗಳು ಮಾಮೂಲಿ. ಕೋಟಿನ ಜೇಬಿನಲ್ಲಿ ಮಂಡಿಯ ಚೀಟಿ, ಗಾಡಿ ಹೊಡೆಯುವವನ ಮಾತು, ಅಟ್ಟದ ಏಣಿ ಹತ್ತಿರ ಉದುರಿದ ಗೊರಬಲು. ಆಟ ಶುರುವಾಗಿ ಇನ್ನೂ ಯಾರೂ ಅಟ್ಟ ಹತ್ತಿರಲಿಲ್ಲ. ಹೊಸನಗರ ಕಡೆಯ ಅಡಿಕೆ ಮನೆಯ ಹುಡುಗಿಯೊಬ್ಬಳು ಆಡುತ್ತಿದ್ದಳು. ಅವಳು ಕೇಳಿದಳು: "ಅಣ್ಣಾ, ಎಲ್ರಿಗೂ ಕಾಫಿ ಕೊಡ್ತಾರಲ್ವಾ? ಲೋಟ ಹಿಡ್ಕೊಂಡಿರೋ ಕೈ ನೋಡ್ತೀನಿ. ಯಾರ ಕೈಯಲ್ಲಿ ಕರೆ ಇಲ್ಲ?"

ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಹಸಿ ಅಡಿಕೆ ಸುಲಿದವರ ಬೆರಳು ಕಪ್ಪಾಗಿಯೇ ಇರುತ್ತದೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಹಾಗಾಗಿ ಕೈಯಲ್ಲಿ ಕರೆ ಇರುವುದು ಸುಳಿವೇ ಅಲ್ಲ, ಇಲ್ಲದಿರುವುದೇ ಸುಳಿವು. ನನ್ನ ಪುಟದಲ್ಲಿ ಅದರ ಬಗ್ಗೆ ಒಂದಕ್ಷರ ಇರಲಿಲ್ಲ. ಆದರೆ ಉತ್ತರ ಹುಡುಕಬೇಕಾಗಲೇ ಇಲ್ಲ. ಹಿರಿಮಗ ಈ ಕೊಯ್ಲಿನಲ್ಲಿ ಸುಲಿಯಲು ಕೂತೇ ಇಲ್ಲ, ಗೆಳೆಯನಿಗೆ ಹುಷಾರಿಲ್ಲ ಎಂದು ಹೇಳಿ ರಾತ್ರಿ ಹೊರಗೆ ಹೋಗುತ್ತಿದ್ದಾನೆ. ಅಂದ ಮೇಲೆ ಅವನ ಬೆರಳು ಬೆಳ್ಳಗಿರಲೇಬೇಕು. ಹಾಗೇ ಹೇಳಿದೆ. ಪಕ್ಕದಲ್ಲಿದ್ದವನು ಬಿಡಲಿಲ್ಲ. "ಹಾಗಾದ್ರೆ ಯಜಮಾನ್ರ ಕೈಯೂ ಬೆಳ್ಳಗಿರ್ಬೇಕಲ್ಲ ಮಾರಾಯ್ತಿ, ಅವ್ರೇನು ಸುಲಿಯಕ್ಕೆ ಕೂರ್ತಾರಾ?" ಅದೂ ನಿಜ. ಇಬ್ಬರೂ ವಾದಕ್ಕೆ ಬಿದ್ದರು. ನೆಂಟರ ಕೈ ನೋಡಿದರು, ರೈಟರ್ ಕೈ ನೋಡಿದರು. ನಾನು ಬರೆದುಕೊಂಡಿದ್ದ ಯಾವ ದೃಶ್ಯವೂ ಬೇಕಾಗದೆ ಒಂದು ಗಂಟೆ ಆಟ ನಡೆಯಿತು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತ್ಯಂತ ಚೆನ್ನಾಗಿದ್ದ ಗಂಟೆ ಅದು.

ದೃಶ್ಯಗಳನ್ನು ಸಾಲಾಗಿ ಬರೆದುಕೊಂಡಿದ್ದರೆ ಆ ಪ್ರಶ್ನೆ ನನಗೆ ಅಡ್ಡಿಯಾಗಿ ಕಾಣುತ್ತಿತ್ತು. "ಎಲ್ಲರ ಕೈಯೂ ಒಂದೇ ಥರ ಇದೆ, ಮುಂದೆ ಹೋಗಿ" ಅಂದುಬಿಡಬಹುದಿತ್ತು. ಅಲ್ಲಿಗೆ ಆ ಹುಡುಗಿ ತನ್ನ ತಲೆ ಓಡಿಸುವುದನ್ನು ಬಿಟ್ಟು ನನ್ನ ತಲೆಯಲ್ಲಿ ಏನಿದೆ ಎಂದು ಊಹಿಸಲು ಶುರು ಮಾಡುತ್ತಿದ್ದಳು. ಪತ್ತೇದಾರಿ ಆಟ ಸಾಯುವುದೇ ಅಲ್ಲಿ.

ತಾಳಮದ್ದಳೆ ನೋಡಿ ಬೆಳೆದ ನಮಗೆ ಇದು ಹೊಸದಲ್ಲ. ಪದ್ಯ ನಿಗದಿ, ಅರ್ಥ, ಅಂದರೆ ಪಾತ್ರ ವಹಿಸಿದವರು ಆಡುವ ಮಾತು, ನಿಗದಿಯಿಲ್ಲ. ಸಂಧಾನದ ಪ್ರಸಂಗದಲ್ಲಿ ಕೌರವನ ಅರ್ಥ ಹೇಳುವವರು ಕೃಷ್ಣನನ್ನು ಯಾವ ಪ್ರಶ್ನೆಯಿಂದ ಬೇಕಾದರೂ ಕಟ್ಟಿಹಾಕಬಹುದು. ಎದುರಿನವರು ಅಲ್ಲೇ ಕೂತು ಉತ್ತರ ಕೊಡಬೇಕು. ಮಾತು ಎಳೆದರೆ ಭಾಗವತರು ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ. ಕಥೆ ಚೆನ್ನಾಗಿ ಗೊತ್ತಿರುವುದರಿಂದಲೇ ಅಷ್ಟು ಸ್ವಾತಂತ್ರ್ಯ. ಆದರೆ ಒಂದು ವ್ಯತ್ಯಾಸ ಇದೆ. ಅಲ್ಲಿ ಕೊನೆಯೂ ನಿಗದಿ, ಸಂಧಾನ ಮುರಿಯಲೇಬೇಕು. ನಮ್ಮ ಆಟದಲ್ಲಿ ನಿಗದಿಯಾಗಿರುವುದು ಆಟಕ್ಕೆ ಮುಂಚೆ ನಡೆದದ್ದು ಮಾತ್ರ. ಹಿರಿಮಗ ಸಿಕ್ಕಿಬೀಳುತ್ತಾನೋ, ಓಡಿಹೋಗುತ್ತಾನೋ, ತಂದೆಗೆ ಗೊತ್ತಾಗದ ಹಾಗೆ ಆಟಗಾರರೇ ಮುಚ್ಚಿಹಾಕುತ್ತಾರೋ, ಅದು ಅವರಿಗೆ ಬಿಟ್ಟದ್ದು.

ಸುಳಿವುಗಳ ವಿಷಯಕ್ಕೆ ಬರುತ್ತೇನೆ. ಜಸ್ಟಿನ್ ಅಲೆಕ್ಸಾಂಡರ್ ಎಂಬ ಆಟ ವಿನ್ಯಾಸಕಾರ ಹೇಳಿದ ಮೂರು ಸುಳಿವಿನ ನಿಯಮ ಎಲ್ಲ ಕಡೆ ಹೆಸರುವಾಸಿ. ಆಟಗಾರರು ಯಾವ ತೀರ್ಮಾನಕ್ಕೆ ಬರಬೇಕೋ ಅದಕ್ಕೆ ಕನಿಷ್ಠ ಮೂರು ಸುಳಿವು ಇಡಿ. ಒಂದು ಕಣ್ಣಿಗೇ ಬೀಳುವುದಿಲ್ಲ, ಇನ್ನೊಂದನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾರೆ, ಮೂರನೆಯದು ಕೈಹಿಡಿಯುತ್ತದೆ. ನಾನು ಇದನ್ನು ಪೂರ್ತಿ ಒಪ್ಪುತ್ತೇನೆ. ಒಂದು ಮಾತು ಸೇರಿಸುತ್ತೇನೆ: ಮೂರೂ ಒಂದೇ ಜಾಗದಲ್ಲಿ ಇರಬಾರದು. ಒಂದು ವಸ್ತುವಿನಲ್ಲಿ, ಒಂದು ಯಾರದೋ ಬಾಯಲ್ಲಿ, ಒಂದು ಯಾರದೋ ನಡವಳಿಕೆಯಲ್ಲಿ ಇರಲಿ. ಕೆಲವರು ಪೆಟ್ಟಿಗೆ ಹುಡುಕುವವರು, ಕೆಲವರು ಅಡುಗೆಮನೆಯಲ್ಲಿ ಮಾತಿಗೆ ಕೂರುವವರು. ಇಬ್ಬರಿಗೂ ಏನಾದರೂ ಸಿಗಬೇಕು.

ಇನ್ನು ದಾಳ. ಬೇಕೇಬೇಕಾದ ಸುಳಿವನ್ನು ದಾಳದ ಮೇಲೆ ಬಿಡಬೇಡಿ. ಜೇಬಿನ ಚೀಟಿ ಸಿಗಲು ದಾಳ ಉರುಳಿಸಿ, ಅದು ಕೆಟ್ಟದಾಗಿ ಬಿದ್ದು, ಚೀಟಿ ಸಿಗದೆ ಎಲ್ಲರೂ ಮುಖ ಮುಖ ನೋಡಿಕೊಂಡು ಕೂತರೆ ಅದಕ್ಕೆ ಆಟಗಾರರು ಏನು ಮಾಡಬೇಕು? ರಾಬಿನ್ ಲಾಸ್ ರೂಪಿಸಿದ ಗಮ್‌ಶೂ ಪದ್ಧತಿಯಲ್ಲಿ ಇದಕ್ಕೆ ಒಳ್ಳೆ ಉಪಾಯವಿದೆ. ಸರಿಯಾದ ವಿದ್ಯೆ ಬಲ್ಲ ಪಾತ್ರ ಸರಿಯಾದ ಜಾಗದಲ್ಲಿ ಹುಡುಕಿದರೆ ಮುಖ್ಯ ಸುಳಿವು ಸಿಕ್ಕೇ ಸಿಗುತ್ತದೆ. ಸುಳಿವು ಸಿಗುವುದರಲ್ಲಿ ಮಜಾ ಇಲ್ಲ, ಅದರ ಅರ್ಥ ಹುಡುಕುವುದರಲ್ಲಿ ಮಜಾ. ನಾನು ಯಾವ ಆಟ ಆಡಿಸಿದರೂ ಇದನ್ನೇ ಪಾಲಿಸುತ್ತೇನೆ. ಕೆಟ್ಟ ದಾಳ ಬಿದ್ದರೆ ಚೀಟಿ ಸಿಗುತ್ತದೆ, ಆದರೆ ಹಿರಿಮಗ ಬಾಗಿಲಲ್ಲಿ ನಿಂತಿರುತ್ತಾನೆ.

ಲಾಡ್ಜ್ ಮಾಲೀಕನ ಹಿಂದೆ ಬಿದ್ದವರನ್ನು ಏನು ಮಾಡುವುದು? ಅವನು ಏನೂ ಮಾಡಿಲ್ಲ ಎಂದು ಬೇಗ ಗೊತ್ತಾಗುವ ಹಾಗೆ ಮಾಡಿ. ಅನುಮಾನ ಬಂದು ಅರ್ಧ ಗಂಟೆಯೊಳಗೆ ಅವನು ಆ ರಾತ್ರಿ ಎಲ್ಲಿದ್ದ ಎಂದು ಹೇಳುವ ಸಾಕ್ಷಿ ಸಿಗಲಿ. ಅದೂ ಸಾಲದಿದ್ದರೆ ಬಾಯಿಬಿಟ್ಟು ಹೇಳಿ, "ಇಲ್ಲಿ ನೋಡಬೇಕಾದದ್ದು ಎಲ್ಲ ನೋಡಿದ್ದೀರಿ, ಇನ್ನೇನೂ ಇಲ್ಲ." ಹೀಗೆ ಹೇಳಿದರೆ ಆಟದ ಗುಟ್ಟು ಹೋಗುತ್ತದೆ ಎಂದು ತುಂಬಾ ಜನ ಹೆದರುತ್ತಾರೆ. ಏನೂ ಹೋಗುವುದಿಲ್ಲ. ಖಾಲಿ ಕೋಣೆಯಲ್ಲಿ ಎರಡು ತಾಸು ಹುಡುಕಿಸುವುದಕ್ಕಿಂತ ಇದು ಸಾವಿರ ಪಾಲು ಮೇಲು. ಬೇಕೆಂದೇ ಸುಳ್ಳು ಸುಳಿವು ಇಡುವುದಂತೂ ಬೇಡವೇ ಬೇಡ. ಸುಳ್ಳು ಸುಳಿವನ್ನು ಆಟಗಾರರೇ ಬೇಕಾದಷ್ಟು ಹುಟ್ಟಿಸಿಕೊಳ್ಳುತ್ತಾರೆ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸುವವರ ಕಷ್ಟ ಬೇರೆ. ಅಲ್ಲಿ ಮಂತ್ರಗಳಿವೆ. ಸ್ಪೀಕ್ ವಿತ್ ಡೆಡ್ ಹಾಕಿ ಹೆಣವನ್ನೇ ಕೇಳುತ್ತಾರೆ, ಕಥೆ ಮುಗಿಯಿತು ಎನ್ನುವ ಗೋಳು. ಮಂತ್ರದ ನಿಯಮವನ್ನು ಸರಿಯಾಗಿ ಓದಿ. ಐದನೇ ಆವೃತ್ತಿಯಲ್ಲಿ ಐದು ಪ್ರಶ್ನೆಗೆ ಮಾತ್ರ ಅವಕಾಶ. ಬದುಕಿದ್ದಾಗ ಗೊತ್ತಿದ್ದದ್ದಷ್ಟೇ ಹೆಣಕ್ಕೂ ಗೊತ್ತು. ಹಿಂದಿನಿಂದ ಹೊಡೆದವನ ಮುಖ ಅದಕ್ಕೂ ಗೊತ್ತಿಲ್ಲ. ಜೋನ್ ಆಫ್ ಟ್ರೂತ್ ಎಂಬ ಇನ್ನೊಂದು ಮಂತ್ರದೊಳಗೆ ಸಿಕ್ಕಿಕೊಂಡವನು ಬೇಕೆಂದು ಸುಳ್ಳು ಹೇಳಲಾರ, ಆದರೆ ಮಾತು ತಪ್ಪಿಸಬಹುದು, ಸುಮ್ಮನೆಯೂ ಇರಬಹುದು. ಮಂತ್ರಗಳಿರುವ ಊರಿನಲ್ಲಿ ಕೊಲೆ ಮಾಡುವವನಿಗೂ ಇದೆಲ್ಲ ಗೊತ್ತಿರುತ್ತದೆ ಅಲ್ವಾ? ಅವನು ಅದಕ್ಕೆ ತಕ್ಕ ಹಾಗೆ ಮಾಡಿರುತ್ತಾನೆ. ಮಂತ್ರ ನಿಷೇಧಿಸಬೇಡಿ. ಆಟಗಾರ ಆ ಶಕ್ತಿಯನ್ನು ಆಸೆಪಟ್ಟು ಆರಿಸಿಕೊಂಡಿರುತ್ತಾನೆ.

ಊರು ಬಿಟ್ಟೇ ಹೋಗುತ್ತೇವೆ ಅನ್ನುವವರೂ ಇದ್ದಾರೆ. "ನಮ್ಗೆಂತಕ್ಕೆ ಇವ್ರ ಮನೆ ಉಸಾಬರಿ, ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಾಣ." ಆಗ ಥಟ್ಟನೆ ಮಳೆ ಬರಿಸಿ ಹಳ್ಳ ದಾಟುವ ಕಾಲುಸಂಕ ಕೊಚ್ಚಿಹೋಯಿತು ಅನ್ನುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಮಲೆನಾಡಿನಲ್ಲಿ ಕಾಲುಸಂಕ ಕೊಚ್ಚಿಹೋಗುವುದು ನಿಜವೇ. ಆದರೆ ಅದು ಆಟದ ಮೊದಲ ವಾಕ್ಯದಲ್ಲಿ ಇರಬೇಕು, ಆಟಗಾರರು ಚೀಲ ಎತ್ತಿಕೊಂಡ ಮೇಲೆ ಅಲ್ಲ. ಮೊದಲೇ ಇದ್ದರೆ ಅದು ಕಥೆ. ಆಮೇಲೆ ಬಂದರೆ ಅದು ಕೈಹಿಡಿದು ಎಳೆಯುವುದು, ಅದು ಎಲ್ಲರಿಗೂ ತಿಳಿಯುತ್ತದೆ.

ಅವರನ್ನು ಹಿಡಿದಿಡುವುದು ಎರಡೇ. ಒಂದು, ಸಂಬಂಧ. ಆಟ ಶುರುವಾಗುವ ಮುಂಚೆಯೇ ಎಲ್ಲರನ್ನೂ ಕೂರಿಸಿಕೊಂಡು, ಇದು ಪತ್ತೇದಾರಿ ಕಥೆ, ಹೊಡೆದಾಟ ಕಡಿಮೆ, ಒಪ್ಪಿಗೆಯಾ ಎಂದು ಕೇಳಿ. ಆಮೇಲೆ ಒಬ್ಬೊಬ್ಬರನ್ನೂ, "ನಿನ್ನ ಪಾತ್ರಕ್ಕೆ ಈ ಮನೆ ಯಾಕೆ ಮುಖ್ಯ?" ಎಂದು ಕೇಳಿ. ಒಬ್ಬಳು ಆ ಮನೆಯ ಸೊಸೆಯ ತಂಗಿ ಆಗಲಿ. ಒಬ್ಬ ಯಜಮಾನರಿಂದ ಫೀಸ್ ಕಟ್ಟಿಸಿಕೊಂಡು ಓದಿದವನಾಗಲಿ. ಅವರು ಉಡುಪಿಗೆ ಹೋಗುವುದಿಲ್ಲ. ಇನ್ನೊಂದು, ಕಾಲ. ಯಾರೂ ತಡೆಯದಿದ್ದರೆ ಹಿರಿಮಗ ಮುಂದೆ ಏನು ಮಾಡುತ್ತಾನೆ? ಗುರುವಾರ ಬೆಳಗಿನ ಜಾವ ಕೊನೆಯ ಚೀಲಗಳನ್ನು ಸಾಗಿಸುತ್ತಾನೆ. ಶುಕ್ರವಾರ ಕಳ್ಳತನದ ಆರೋಪ ಹೊರಿಸಿ ಕೊನೆಗಾರನನ್ನು ಸ್ಟೇಷನ್‌ಗೆ ಕಳಿಸುತ್ತಾನೆ. ಆಟಗಾರರು ಕಾಡಿನಲ್ಲಿ ತಿರುಗುತ್ತಿದ್ದರೂ ಗುರುವಾರ ಬರುತ್ತದೆ. ವಾಪಸ್ ಬಂದಾಗ ಕೊನೆಗಾರನ ಹೆಂಡತಿ ಜಗುಲಿಯಲ್ಲಿ ಅಳುತ್ತಾ ಕೂತಿರುತ್ತಾಳೆ. ಆಮೇಲೆ ಯಾರನ್ನೂ ದಾರಿಗೆ ತರಬೇಕಾಗಿಲ್ಲ.

ಇಲ್ಲಿ ನಾನು ರಾಜಿಯಾಗದ ಒಂದು ವಿಷಯವಿದೆ. ಆಟಗಾರರು ಬೇಗ ಕಂಡುಹಿಡಿದುಬಿಟ್ಟರೆ, ಅಥವಾ ಬೇರೆ ಯಾರನ್ನೋ ಗಟ್ಟಿಯಾಗಿ ನಂಬಿಬಿಟ್ಟರೆ, ಸದ್ದಿಲ್ಲದೆ ಅಪರಾಧಿಯನ್ನೇ ಬದಲಿಸುವ ಗೇಮ್ ಮಾಸ್ಟರ್‌ಗಳಿದ್ದಾರೆ. ಆಟ ಚೆನ್ನಾಗಾಯಿತಲ್ಲ, ಯಾರಿಗೂ ಗೊತ್ತಾಗಲಿಲ್ಲವಲ್ಲ ಎನ್ನುತ್ತಾರೆ. ಸುಳಿವು ಜಾಗ ಬದಲಿಸಲಿ, ನನ್ನ ತಕರಾರಿಲ್ಲ. ಅಟ್ಟಕ್ಕೆ ಯಾರೂ ಹೋಗದಿದ್ದರೆ ಉದುರಿದ ಗೊರಬಲು ಗಾಡಿಯಲ್ಲಿ ಸಿಗಲಿ. ಆದರೆ ಮಾಡಿದವನನ್ನು ಬದಲಿಸಿದರೆ ಆ ಹುಡುಗಿ ಕೈ ನೋಡಿದ್ದಕ್ಕೆ ಬೆಲೆಯೇ ಇಲ್ಲ. ಅವಳು ಯೋಚಿಸಿದ್ದಕ್ಕೂ ಯೋಚಿಸದೇ ಇದ್ದದ್ದಕ್ಕೂ ಫಲ ಒಂದೇ ಆಗುತ್ತದೆ. ಬೇಗ ಕಂಡುಹಿಡಿದರೆ ಹಿಡಿಯಲಿ. ಗೊತ್ತಾದ ಮಾತ್ರಕ್ಕೆ ಮುಗಿಯುವುದೂ ಇಲ್ಲ. ತಂದೆಯ ಎದುರು, ತುಂಬಿದ ಮನೆಯಲ್ಲಿ, ಹಿರಿಮಗನೇ ಕಳ್ಳ ಎಂದು ಹೇಳಲು ಏನು ಸಾಕ್ಷಿ ಬೇಕು, ಯಾರು ಹೇಳಬೇಕು, ಹೇಳಲೇಬೇಕಾ? ಕಥೆಯ ಭಾರ ಇರುವುದು ಅಲ್ಲೇ.

ಉತ್ತರವನ್ನೇ ಮೊದಲು ನಿಗದಿ ಮಾಡದ ಆಟಗಳೂ ಇವೆ. ಬ್ರಿಂಡಲ್‌ವುಡ್ ಬೇ ಎಂಬ ಆಟದಲ್ಲಿ ಸುಳಿವುಗಳನ್ನು ಜೋಡಿಸಿ ಆಟಗಾರರೇ ಒಂದು ವಾದ ಕಟ್ಟುತ್ತಾರೆ, ಅದು ನಿಜವೋ ಅಲ್ಲವೋ ಎಂದು ದಾಳ ಹೇಳುತ್ತದೆ. ಅದು ಒಳ್ಳೆಯ ಆಟ. ಅಲ್ಲಿ ಮೋಸವಿಲ್ಲ, ಯಾಕೆಂದರೆ ಹೀಗೆ ಆಡುತ್ತೇವೆ ಎಂದು ಎಲ್ಲರಿಗೂ ಮೊದಲೇ ಗೊತ್ತು. ನನ್ನ ಜಗಳ ಮುಚ್ಚಿಟ್ಟು ಬದಲಿಸುವವರ ಜೊತೆ ಮಾತ್ರ.

ಹಾಗಾಗಿ ಆಟ ಮುಗಿದ ಮೇಲೆ ನಾನು ಆ ಮೊದಲ ಪುಟವನ್ನು ಮೇಜಿನ ಮೇಲೆ ಇಡುತ್ತೇನೆ. ಏನು ನಡೆದಿತ್ತು ಎಂದು ಎಲ್ಲರೂ ಓದುತ್ತಾರೆ. ಸಿಗದೇ ಹೋದ ಸುಳಿವು ಯಾವುದು, ಯಾವ ಅನುಮಾನ ಸರಿಯಿತ್ತು, ಎಲ್ಲಿ ತಪ್ಪಿದರು ಎಂದು ಚರ್ಚೆ ಶುರುವಾಗುತ್ತದೆ. ಭದ್ರಾವತಿಯ ಗೆಳೆಯನಿಗೂ ಇದನ್ನೇ ಮಾಡಲು ಹೇಳಿದ್ದೇನೆ. ಅಡಿಕೆ ಮನೆಯ ಪುಟ ಬೇಕಾದವರು ಕೇಳಿ, ಕಳಿಸುತ್ತೇನೆ. ನಿಮ್ಮ ಕಡೆ ಕಾಫಿ ತೋಟವಿದ್ದರೆ ಕಾಫಿಗೆ, ಭತ್ತದ ಗದ್ದೆಯಿದ್ದರೆ ಭತ್ತಕ್ಕೆ ಬದಲಿಸಿಕೊಳ್ಳಿ. ಹಾಗೆ ಬದಲಿಸುವಾಗ ಆ ಕೆಲಸ ಮಾಡಿದವರನ್ನು ಒಂದು ಸಲ ಕೇಳಿ, ಅವರ ಕೈ, ಬಟ್ಟೆ, ಹೊತ್ತು ಹೇಗಿರುತ್ತದೆ ಅಂತ. ಆಟಗಾರರಲ್ಲಿ ಯಾರಾದರೂ ಒಬ್ಬರು ಅದನ್ನು ಕೇಳಿಯೇ ಕೇಳುತ್ತಾರೆ.