ಕೊಳಲು ಕಲಿಸುವವರು ಸಿಗುತ್ತಾರೆ, ಜೊತೆಗೆ ಊದುವವರು ಎಲ್ಲಿದ್ದಾರೆ?

ನಲವತ್ತು ದಾಟಿದ ಮೇಲೆ ಕೊಳಲು ಹಿಡಿಯುವವರು ಈಗ ಜಾಸ್ತಿ. ಬ್ಯಾಂಕಿನವರು, ಸಾಫ್ಟ್‌ವೇರ್‌ನವರು, ರಿಟೈರ್ ಆದ ಮೇಷ್ಟ್ರುಗಳು, ಮಕ್ಕಳನ್ನು ಕಾಲೇಜಿಗೆ ಸೇರಿಸಿ ಈಗ ಸ್ವಲ್ಪ ಪುರುಸೊತ್ತು ಕಂಡ ನನ್ನಂಥ ಹೆಂಗಸರು. ಕಲಿಯುವವರ ಕೊಳಲು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ವೀಣೆಯ ಹಾಗೆ ಮನೆಯಲ್ಲಿ ಜಾಗ ಕೇಳುವುದಿಲ್ಲ, ತಂತಿ ಹರಿಯುವ ತಾಪತ್ರಯ ಇಲ್ಲ, ಬ್ಯಾಗಿಗೆ ಹಾಕಿಕೊಂಡು ಬಸ್ ಹತ್ತಬಹುದು. ಶುರು ಮಾಡುವವರಿಗೆ ಬರವಿಲ್ಲ. ಒಂದು ವರ್ಷ ಬಿಟ್ಟು ಅವರನ್ನೇ ಕೇಳಿ ನೋಡಿ. ಬಹಳ ಜನರ ಕೊಳಲು ಬೀರುವಿನ ಮೇಲೋ ಟಿವಿ ಹಿಂದೋ ಇರುತ್ತದೆ.

ಯಾಕೆ ಬಿಟ್ಟಿರಿ ಅಂದರೆ ಎಲ್ಲರದೂ ಒಂದೇ ಉತ್ತರ: ಟೈಮ್ ಸಿಗಲಿಲ್ಲ. ನಾನು ನಂಬುವುದಿಲ್ಲ. ಟೈಮ್ ಇಲ್ಲದವರೆಲ್ಲ ದಿನಾ ರಾತ್ರಿ ರೀಲ್ಸ್ ನೋಡುತ್ತಾರೆ, ನಾನೂ ನೋಡುತ್ತೇನೆ. ಅವರಿಗೆ ಸಿಗದೇ ಹೋಗಿದ್ದು ಜೊತೆಗೆ ಕೂತು ಊದುವ ಇನ್ನೊಬ್ಬ ಮನುಷ್ಯ ಅನ್ನುವುದು ನನ್ನ ವಾದ. ಮೇಷ್ಟ್ರು ಸಿಗುತ್ತಾರೆ. ಸಂಗೀತ ಸಭೆಗಳಿಗೆ ಹೋದರೆ ಕಚೇರಿಯೂ ಕೇಳಲು ಸಿಗುತ್ತದೆ. ಇವೆರಡರ ನಡುವೆ ನಮ್ಮಲ್ಲಿ ಏನೂ ಇಲ್ಲ.

ಕೊಳಲಿನ ಶುರುವೇ ಒಂಟಿತನದ್ದು. ಜಾತ್ರೆಯಲ್ಲಿ ಕೋಲಿಗೆ ಕೊಳಲುಗಳನ್ನು ಸಿಕ್ಕಿಸಿಕೊಂಡು ಬರುವವನು ಹಾಡು ನುಡಿಸುತ್ತಾನೆ. ಅದೇ ಕೊಳಲು ಕೊಂಡು ಮನೆಗೆ ತಂದರೆ ಬರೀ ಗಾಳಿ. ತುಟಿಯ ಕೋನ ಸಿಗುವವರೆಗೆ ತಲೆ ಸುತ್ತುತ್ತದೆ, ಉಸಿರು ಜಾಸ್ತಿ ಬಿಡುತ್ತಿರುತ್ತೇವಲ್ಲ. ಅದು ಮುಗಿಯಿತು ಅನ್ನುವಷ್ಟರಲ್ಲಿ ಪಾಠದ ಮೊದಲ ರಾಗ ಮಾಯಾಮಾಳವಗೌಳ ಬರುತ್ತದೆ.

ಹಾಡುವವರಿಗೆ ಸರಳೆ ವರಸೆಗೆ, ಅಂದರೆ ಶುರುವಿನ ಸ್ವರಾಭ್ಯಾಸಕ್ಕೆ, ಈ ರಾಗ ಒಳ್ಳೆಯದು, ಅದರ ಬಗ್ಗೆ ತಕರಾರಿಲ್ಲ. ಆದರೆ ನಮ್ಮ ಕರ್ನಾಟಕ ಪದ್ಧತಿಯ ಕೊಳಲಿನಲ್ಲಿ ಮೇಲಿನ ಎರಡು ರಂಧ್ರ ಮುಚ್ಚಿದರೆ ಷಡ್ಜ, ಅಂದರೆ ಸ. ಅಲ್ಲಿಂದ ಒಂದೊಂದೇ ರಂಧ್ರ ಪೂರ್ತಿ ತೆಗೆದು, ಪೂರ್ತಿ ಮುಚ್ಚಿ ಹೋದರೆ ತಾನಾಗಿ ಬರುವುದು ಹರಿಕಾಂಭೋಜಿ ರಾಗ. ಮಾಯಾಮಾಳವಗೌಳಕ್ಕೆ ಬೇಕಾದ ಶುದ್ಧ ರಿಷಭ (ಕೆಳಗಿನ ರಿ), ಶುದ್ಧ ಧೈವತ (ಕೆಳಗಿನ ದ) ಹಾಗೆ ಬರುವುದಿಲ್ಲ. ರಂಧ್ರವನ್ನು ಅರ್ಧ ಮುಚ್ಚಬೇಕು. ಆ ಅರ್ಧ ಎಷ್ಟು ಅಂತ ಬೆರಳಿಗೆ ಗೊತ್ತಾಗುವುದಕ್ಕೆ ತಿಂಗಳುಗಳು ಬೇಕು. ಕೆಲವು ಮೇಷ್ಟ್ರು ಅದಕ್ಕೇ ಹರಿಕಾಂಭೋಜಿಯಿಂದಲೋ ಮೋಹನದಿಂದಲೋ ಶುರು ಮಾಡಿಸುತ್ತಾರೆ. ದೊಡ್ಡವರಾದ ಮೇಲೆ ಕಲಿಯುವವರಿಗೆ ಅದೇ ಸರಿ ಅಂತ ನನಗನಿಸುತ್ತದೆ. ಹಾಗೆ ಶುರು ಮಾಡಿದರೂ ರಿಷಭ ಸ್ವಲ್ಪ ಮೇಲಿದೆಯೋ ಕೆಳಗಿದೆಯೋ ಅಂತ ಬಾಗಿಲು ಹಾಕಿದ ರೂಮಿನಲ್ಲಿ ಒಬ್ಬರೇ ಕೂತು ಹುಡುಕುವುದು ತಪ್ಪುವುದಿಲ್ಲ.

ಈಗಂತೂ ಪಾಠವೂ ಆನ್‌ಲೈನ್. ಇದರಿಂದ ಉಪಕಾರ ಆಗಿದೆ, ಇಲ್ಲ ಅನ್ನಲ್ಲ. ಅಮೆರಿಕದಲ್ಲಿ, ಗಲ್ಫ್‌ನಲ್ಲಿ ಇರುವ ಕನ್ನಡದವರು ಇಲ್ಲಿಯ ಮೇಷ್ಟ್ರ ಹತ್ತಿರ ಕಲಿಯುತ್ತಿದ್ದಾರೆ. ಆದರೆ ಜೂಮ್‌ನಲ್ಲಿ ಇಬ್ಬರು ಒಟ್ಟಿಗೆ ಊದುವುದು ಆಗದ ಮಾತು. ದನಿ ತಡವಾಗಿ ತಲುಪುತ್ತದೆ, ತಾಳ ಕೂಡುವುದೇ ಇಲ್ಲ. ಮೇಷ್ಟ್ರು ಊದುವಾಗ ನಾವು ಮ್ಯೂಟ್, ನಾವು ಊದುವಾಗ ಅವರು ಸುಮ್ನೆ. ಎರಡು ವರ್ಷ ಕಲಿತರೂ ಇನ್ನೊಂದು ಕೊಳಲಿನ ಪಕ್ಕದಲ್ಲಿ ಒಮ್ಮೆಯೂ ಊದದವರು ಇದ್ದಾರೆ. ಗುರುಗಳ ಮನೆಯಲ್ಲಿ ಚಾಪೆ ಮೇಲೆ ಐದಾರು ಜನ ಕೂತು ವರಸೆ ಊದುತ್ತಿದ್ದಾಗ ಈ ಜೊತೆ ಪುಕ್ಕಟೆ ಸಿಗುತ್ತಿತ್ತು. ಹೋದ ಮೇಲೆ ಗೊತ್ತಾಗುತ್ತಿದೆ.

ಒಬ್ಬರೇ ಸಾಧನೆ ಮಾಡಲು ಅನುಕೂಲ ಮಾಡಿಕೊಟ್ಟ ಎಲೆಕ್ಟ್ರಾನಿಕ್ ತಂಬೂರಿಯೂ ಒಬ್ಬ ಕೊಳಲಿನವರಿಂದಲೇ ಮನೆ ಮನೆಗೆ ಬಂತು. ಬೆಂಗಳೂರಿನ ರಾಡೆಲ್ ಕಂಪನಿ ಕಟ್ಟಿದ ಜಿ. ರಾಜ್ ನಾರಾಯಣ್ ಎಂಜಿನಿಯರ್, ಜೊತೆಗೆ ಕೊಳಲು ವಾದಕರು. ಇವತ್ತು ಅದೇ ತಂಬೂರಿ ಮೊಬೈಲಿನಲ್ಲಿದೆ. ದೊಡ್ಡ ಉಪಕಾರ. ಆದರೆ ತಂಬೂರಿ ಆ್ಯಪ್ ನಮ್ಮನ್ನು ತಿದ್ದುವುದಿಲ್ಲ. ನಾವು ಎಷ್ಟು ಅಪಶ್ರುತಿ ಊದಿದರೂ ಅದು ತನ್ನ ಪಾಡಿಗೆ ಮೀಟುತ್ತಾ ಇರುತ್ತದೆ.

ಪಕ್ಕದಲ್ಲಿ ಇನ್ನೊಂದು ಕೊಳಲು ಇದ್ದರೆ ಬೇರೆಯೇ ಕಥೆ. ಒಬ್ಬರ ಸ್ವರ ಸೆಕೆಂಡಿಗೆ 440 ಸಲ ಕಂಪಿಸಿ, ಇನ್ನೊಬ್ಬರದು 442 ಸಲ ಕಂಪಿಸಿದರೆ ಸೆಕೆಂಡಿಗೆ ಎರಡು ಸಲ ದನಿ ಏರಿ ಇಳಿದ ಹಾಗೆ ಕೇಳುತ್ತದೆ. ವಂವ್ ವಂವ್ ಅಂತ. ಸಂಗೀತ ಗೊತ್ತಿಲ್ಲದವರ ಕಿವಿಗೂ ಅದು ಬೀಳುತ್ತದೆ. ಕೊಳಲನ್ನು ತುಟಿಯ ಕಡೆ ಸ್ವಲ್ಪ ಒಳಕ್ಕೆ ತಿರುಗಿಸಿದರೆ ಶ್ರುತಿ ಇಳಿಯುತ್ತದೆ, ಹೊರಕ್ಕೆ ತಿರುಗಿಸಿದರೆ ಏರುತ್ತದೆ. ತಿರುಗಿಸುತ್ತಾ ಹೋದ ಹಾಗೆ ಆ ಏರಿಳಿತ ನಿಧಾನವಾಗಿ, ಕಡೆಗೆ ನಿಂತೇ ಹೋಗುತ್ತದೆ. ಎರಡು ಕೊಳಲು ಒಂದಾಗುತ್ತವೆ. ಶ್ರುತಿ ಸೇರುವುದು ಅಂದರೆ ಇದು ಅಂತ ಎಷ್ಟು ಸಲ ಬಾಯಲ್ಲಿ ಹೇಳಿದರೂ ನನಗೆ ಅರ್ಥವಾಗಿರಲಿಲ್ಲ. ಪಕ್ಕದಲ್ಲಿ ಒಬ್ಬರು ಕೂತು ಷಡ್ಜ ಹಿಡಿದಾಗ ಒಂದೇ ಬೆಳಿಗ್ಗೆಗೆ ಆಯಿತು.

ಇದನ್ನು ಹೇಳಿದಾಗಲೆಲ್ಲ ಯಾರಾದರೂ ಮಾಲಿ ಹೆಸರು ತರುತ್ತಾರೆ. ಮಾಲಿ ಅಂದರೆ ಹೆಸರಾಂತ ಕೊಳಲು ವಾದಕ ಟಿ.ಆರ್. ಮಹಾಲಿಂಗಂ. ಅವರು ತಾವೇ ಕಲಿತವರಲ್ಲವೇ, ಏಳನೇ ವಯಸ್ಸಿಗೇ ಕಚೇರಿ ಮಾಡಲಿಲ್ಲವೇ ಅಂತ. ಮಾಡಿದರು. ಆದರೆ ಅವರ ಮನೆಯಲ್ಲೇ ಸಂಗೀತ ಪಾಠ ನಡೆಯುತ್ತಿತ್ತು, ದಿನಾ ಕೃತಿಗಳು ಕಿವಿಗೆ ಬೀಳುತ್ತಿದ್ದವು. ಅದನ್ನು ಒಂಟಿ ಕಲಿಕೆ ಅನ್ನೋಕಾಗುತ್ತಾ? ಮೇಲಾಗಿ ಮಾಲಿಯಂಥ ಮಗುವನ್ನು ನಲವತ್ತೈದರ ನಮಗೆ ಉದಾಹರಣೆ ಕೊಡುವುದು ನ್ಯಾಯವಲ್ಲ ಬಿಡಿ.

ನಮ್ಮ ನಾಡಿನಲ್ಲಿ ಕೊಳಲು ಯಾವಾಗಲೂ ಒಂಟಿ ವಾದ್ಯ ಆಗಿರಲೂ ಇಲ್ಲ. ಚಿತ್ರದುರ್ಗ, ತುಮಕೂರು ಕಡೆಯ ಕಾಡುಗೊಲ್ಲರ ಗಣೆ ನೋಡಿ. ಉದ್ದನೆಯ ಬಿದಿರಿನ ಕೊಳಲು ಅದು. ಅವರ ದೈವ ಜುಂಜಪ್ಪನ ಕಥೆ ಹಾಡುವಾಗ ಗಣೆ ಇರಲೇಬೇಕು. ಹಾಡುವವರು, ಊದುವವರು, ಸುತ್ತ ಕೂತು ಕೇಳುವವರು ಎಲ್ಲ ಸೇರಿದರೆ ತಾನೇ ಅದು ನಡೆಯುವುದು? ಕೊಳಲನ್ನು ರೂಮಿನೊಳಗೆ ಕೂಡಿಸಿದ್ದು ನಾವು, ಪೇಟೆಯವರು.

ದೂರದ ಒಂದು ಉದಾಹರಣೆಯನ್ನೂ ಹೇಳಲೇಬೇಕು. ಐರ್ಲೆಂಡಿನಲ್ಲಿ ಮರದ ಕೊಳಲು ಜನಪದ ಸಂಗೀತದ ಮುಖ್ಯ ವಾದ್ಯ. ಬೆರಳಿಗೆ ಆರು ರಂಧ್ರ, ನಮ್ಮ ಹಿಂದೂಸ್ತಾನಿ ಕೊಳಲು ಬಾನ್ಸುರಿಯ ದಾಯಾದಿಯೇ. ಅದು ಅಲ್ಲಿ ಹಬ್ಬಿದ ಕಥೆ ಚೆನ್ನಾಗಿದೆ. 1847ರಲ್ಲಿ ಜರ್ಮನಿಯ ಥಿಯೋಬಾಲ್ಡ್ ಬೋಮ್ ಹೊಸ ಮಾದರಿಯ ಲೋಹದ ಕೊಳಲು ಮಾಡಿದ. ಆರ್ಕೆಸ್ಟ್ರಾದವರು ನಿಧಾನವಾಗಿ ಅದರ ಕಡೆ ಹೋದರು. ಅವರು ಬಿಟ್ಟ ಮರದ ಕೊಳಲುಗಳು ಅಗ್ಗಕ್ಕೆ ಹಳ್ಳಿಯವರ ಕೈಗೆ ಬಂದವು. ಈಗ ಅಲ್ಲಿ ಸಂಜೆ ಹೊತ್ತು ಪಬ್ಬಿನ ಮೂಲೆಯಲ್ಲಿ ಜನ ದುಂಡಗೆ ಕೂರುತ್ತಾರೆ. ಕೊಳಲು, ಪಿಟೀಲು, ಏನಿದೆಯೋ ಅದು. ಒಬ್ಬರು ಒಂದು ಮಟ್ಟು ಎತ್ತಿಕೊಂಡರೆ ಗೊತ್ತಿರುವವರು ಸೇರಿಕೊಳ್ಳುತ್ತಾರೆ, ಗೊತ್ತಿಲ್ಲದವರು ಕೇಳುತ್ತಾರೆ. ವೇದಿಕೆ ಇಲ್ಲ, ಮೈಕ್ ಇಲ್ಲ, ಶಾಲು ಹಾರ ಇಲ್ಲ. ಇದಕ್ಕೆ ಸೆಷನ್ ಅನ್ನುತ್ತಾರೆ. ಹೊಸಬರಿಗೆ ನಿಧಾನಗತಿಯ ಸೆಷನ್‌ಗಳು ಬೇರೆ ಇರುತ್ತವೆ. ಈ ಸಂಗೀತವನ್ನು ಉಳಿಸಲೆಂದೇ 1951ರಲ್ಲಿ ಶುರುವಾದ ಒಂದು ಸಂಸ್ಥೆಗೆ ಊರೂರಲ್ಲಿ ಶಾಖೆಗಳಿವೆ.

ನನಗೆ ಹೊಟ್ಟೆಕಿಚ್ಚಾಗುವುದು ಪಬ್ಬಿಗಲ್ಲ. ಅವರು ಎಲ್ಲರೂ ಒಂದೇ ಮಟ್ಟನ್ನು ಒಟ್ಟಿಗೆ ನುಡಿಸುತ್ತಾರೆ ಅನ್ನುವುದಕ್ಕೆ. ಬೇರೆ ಬೇರೆ ಭಾಗ ಬರೆದು ಹಂಚುವ ಕೆಲಸವೇ ಇಲ್ಲ. ನಮ್ಮ ಸಂಗೀತವೂ ಹಾಗೆಯೇ ಅಲ್ವಾ? ಒಂದೇ ಧಾಟಿ, ಎಲ್ಲರೂ ಸೇರಬಹುದು. ಪುರಂದರದಾಸರ ಆರಾಧನೆ, ತ್ಯಾಗರಾಜರ ಆರಾಧನೆ ಬಂದಾಗ ಗೋಷ್ಠಿ ಗಾಯನ ಮಾಡುತ್ತೇವೆ, ಕೊಳಲಿನವರೂ ಕೂರುತ್ತಾರೆ. ಬೀದಿ ಬೀದಿಗೆ ಭಜನಾ ಮಂಡಳಿ ಇದೆ. ದೇವರನಾಮವನ್ನು ಇಪ್ಪತ್ತು ಜನ ಕೂಡಿ ಹಾಡುವುದು ನಮಗೆ ಹೊಸದಲ್ಲ. ಕೊಳಲು ಕಲಿಯುವವರಿಗೆ ಮಾತ್ರ ವರ್ಷಕ್ಕೊಂದು ದಿನ ಯಾಕೆ?

ಹೀಗೆ ಅಂದುಕೊಂಡೇ ನಾವು ಕೆಲವರು ಮೈಸೂರಿನಲ್ಲಿ ಭಾನುವಾರ ಸೇರಲು ಶುರು ಮಾಡಿದೆವು. ಹುಡುಕುವುದು ಕಷ್ಟ ಅಂದುಕೊಂಡಿದ್ದೆ. ಆದರೆ ಕೊಳಲು ಊದುವವರು ಅಡಗಿರಲು ಸಾಧ್ಯವಿಲ್ಲ, ಸದ್ದು ಬರುತ್ತದೆ. ಒಬ್ಬರನ್ನು ಹಿಂದಿನ ಬೀದಿಯ ಮಹಡಿಯಿಂದ ಬರುತ್ತಿದ್ದ ಜಂಟಿ ವರಸೆ ಕೇಳಿಯೇ ಹಿಡಿದೆ. ವಾದ್ಯ ಮಾರುವ ಅಂಗಡಿಯಲ್ಲಿ ಕೇಳಿದರೆ ಇನ್ನಿಬ್ಬರು ಸಿಕ್ಕರು. ಕೊಳಲು ಮಾರುವವರಿಗೆ ಕೊಂಡವರ ಮುಖ ನೆನಪಿರುತ್ತದೆ.

ನಿಜವಾದ ಕಷ್ಟ ಆಮೇಲೆ ಬಂತು. ಬಂದವರ ಕೊಳಲೆಲ್ಲ ಬೇರೆ ಬೇರೆ ಶ್ರುತಿಯವು. ಕರ್ನಾಟಕ ಪದ್ಧತಿಯವರು ಐದನೇ ಮನೆ ಅಂದರು (ಶ್ರುತಿಯನ್ನು ನಾವು ಮನೆ ಲೆಕ್ಕದಲ್ಲಿ ಹೇಳುತ್ತೇವೆ), ಹಿಂದೂಸ್ತಾನಿ ಕಲಿತ ಧಾರವಾಡದ ಕಡೆಯ ಒಬ್ಬರು ಬಿಳಿ ನಾಲ್ಕು, ಅಂದರೆ ಹಾರ್ಮೋನಿಯಂನ ನಾಲ್ಕನೇ ಬಿಳಿ ಮನೆ, ಅಂದರು, ಆನ್‌ಲೈನಲ್ಲಿ ತರಿಸಿದವರು ಅದರ ಮೇಲೆ ಬರೆದ ಇಂಗ್ಲಿಷ್ ಅಕ್ಷರ ಓದಿದರು. ತಮಾಷೆ ಏನೆಂದರೆ, ಕರ್ನಾಟಕ ಪದ್ಧತಿಯಲ್ಲಿ ಎರಡು ರಂಧ್ರ ಮುಚ್ಚಿದರೆ ಷಡ್ಜ, ಹಿಂದೂಸ್ತಾನಿಯಲ್ಲಿ ಮೂರು. ಹಾಗಾಗಿ ಒಂದೇ ಉದ್ದದ ಬಿದಿರನ್ನು ನಾವು ಐದನೇ ಮನೆ ಅಂದರೆ ಅವರಿಗೆ ಅದು ಬಿಳಿ ನಾಲ್ಕು. ಹೆಸರು ಬಿಟ್ಟುಬಿಡಿ. ಷಡ್ಜ ಊದಿ ತೋರಿಸಿ ಅನ್ನುವುದೇ ಒಳ್ಳೆಯ ದಾರಿ. ಕೊಳಲು ಕೊಳ್ಳುವ ಮೊದಲೇ ಗುಂಪು ಒಂದು ಶ್ರುತಿ ಒಪ್ಪಿಕೊಂಡರೆ ಇನ್ನೂ ಒಳ್ಳೆಯದು. ಚಳಿಗಾಲದ ಬೆಳಿಗ್ಗೆ ಎಲ್ಲರ ಕೊಳಲೂ ಕೆಳಗಿರುತ್ತವೆ, ಉಸಿರಿನ ಬಿಸಿಗೆ ಮೇಲೇರುತ್ತವೆ. ಅದಕ್ಕೇ ಬಂದ ಕೂಡಲೇ ಶ್ರುತಿ ನೋಡಬೇಡಿ, ಸ್ವಲ್ಪ ಹೊತ್ತು ಊದಿ ಆಮೇಲೆ ನೋಡಿ.

ಏನು ನುಡಿಸುವುದು? ಮೋಹನದ ಗೀತೆ. ಅದರ ಐದು ಸ್ವರಕ್ಕೂ ಅರ್ಧ ರಂಧ್ರ ಬೇಡ. ಹಿಂದೂಸ್ತಾನಿಯವರಿಗೆ ಅದು ಭೂಪ್, ಅವರ ಬೆರಳಿಗೂ ಸಲೀಸು. ನಮ್ಮ ಶುದ್ಧ ಸಾವೇರಿ ಅವರಿಗೆ ದುರ್ಗಾ, ನಮ್ಮ ಹಿಂದೋಳ ಅವರಿಗೆ ಮಾಲ್‌ಕೌಂಸ್. ಇಷ್ಟು ಸಾಕು, ಒಂದು ಬೆಳಿಗ್ಗೆ ಕಳೆಯಲು.

ದೊಡ್ಡ ಕೃತಿಗಳಿಗೆ ಕೈ ಹಾಕಬೇಡಿ ಅನ್ನುವುದು ನನ್ನ ಸಲಹೆ. ಒಂದೇ ಕೃತಿಗೆ ಮನೆಗೊಂದು ಪಾಠಾಂತರ ಇರುತ್ತದೆ. ನಮ್ಮ ಮೇಷ್ಟ್ರು ಹೀಗೆ ಹೇಳಿಕೊಟ್ಟಿದ್ದು ಅಂತ ಒಬ್ಬರು, ಹಾಗಲ್ಲ ಅಂತ ಇನ್ನೊಬ್ಬರು. ಊದುವುದು ಬಿಟ್ಟು ವಾದ ಶುರುವಾಗುತ್ತದೆ.

ಇದಕ್ಕೆ ವಿರೋಧವೂ ಇದೆ. ಹೊಸಬರು ಹೊಸಬರ ಜೊತೆ ಸೇರಿದರೆ ಒಬ್ಬರ ತಪ್ಪು ಇನ್ನೊಬ್ಬರಿಗೆ ಅಂಟುತ್ತದೆ ಅಂತ ಒಬ್ಬ ಹಿರಿಯರು ಹೇಳಿದರು. ಇದರಲ್ಲಿ ಸತ್ಯ ಇದೆ. ತಾಳ ಓಡುವವರು ಇಬ್ಬರಿದ್ದರೆ ಇಡೀ ಗುಂಪು ಓಡುತ್ತದೆ, ನಮ್ಮಲ್ಲೂ ಓಡಿದೆ. ಅದಕ್ಕೇ ಪಾಠ ಮೇಷ್ಟ್ರ ಹತ್ತಿರ, ಭಾನುವಾರ ಬರೀ ನುಡಿಸುವುದು ಅಂತ ಇಟ್ಟುಕೊಂಡಿದ್ದೇವೆ. ಒಬ್ಬರು ಕೈಯಲ್ಲಿ ತಾಳ ಹಾಕುತ್ತಾ ಕೂರುತ್ತಾರೆ. ಯಾರೂ ಯಾರನ್ನೂ ತಿದ್ದುವಂತಿಲ್ಲ, ಕೇಳಿದರೆ ಮಾತ್ರ ಹೇಳಬೇಕು. ಈ ನಿಯಮಕ್ಕೆ ನಾನು ಹಟ ಮಾಡಿದೆ, ಯಾಕೆಂದರೆ ದೊಡ್ಡವರು ಕಲಿಕೆ ಬಿಡುವುದು ಹೆಚ್ಚಾಗಿ ನಾಚಿಕೆಗೆ. ಆದರೆ ನನ್ನ ಶಿಷ್ಯರು ಬೇರೆಯವರ ಶಿಷ್ಯರ ಜೊತೆ ಕೂರಬಾರದು ಅನ್ನುವ ಮಾತೂ ಕಿವಿಗೆ ಬಿದ್ದಿದೆ. ಅದಕ್ಕೆ ನನ್ನ ಹತ್ತಿರ ಮರ್ಯಾದೆಯ ಉತ್ತರ ಇಲ್ಲ.

ಜಾಗದ ವಿಷಯಕ್ಕೆ ಬಂದರೆ, ಪಾರ್ಕು ನೋಡಲು ಚೆಂದ, ಊದಲು ಕಷ್ಟ. ಗಾಳಿ ಬೀಸಿದರೆ ಊದುವ ರಂಧ್ರದ ಮೇಲೆ ನಮ್ಮ ಉಸಿರು ನಿಲ್ಲುವುದೇ ಇಲ್ಲ, ದನಿ ಹಾರಿಹೋಗುತ್ತದೆ. ಗಾಳಿಗೆ ಬೆನ್ನು ಮಾಡಿ ಕೂತರೆ ಸ್ವಲ್ಪ ಪರವಾಗಿಲ್ಲ. ನಾವು ಕೊನೆಗೆ ಒಬ್ಬರ ಮನೆಯ ಕಾರ್ ಶೆಡ್ಡಿಗೆ ಬಂದೆವು. ಭಾನುವಾರ ಬೆಳಿಗ್ಗೆ ಅವರು ಕಾರನ್ನು ಬೀದಿಗೆ ತೆಗೆದು ನಿಲ್ಲಿಸುತ್ತಾರೆ.

ಸರಸ್ವತಿಪುರಂ, ಕುವೆಂಪುನಗರ, ರಾಮಕೃಷ್ಣನಗರದ ಕಡೆ ಕೊಳಲು ಕಲಿಯುತ್ತಿರುವವರು, ಕಲಿತು ಬಿಟ್ಟವರು ಇದ್ದರೆ ಮೆಸೇಜ್ ಮಾಡಿ. ಸರಳೆ ವರಸೆ ಮುಗಿದಿದ್ದರೆ ಸಾಕು. ನಮ್ಮದು ಐದನೇ ಮನೆ, ಕರ್ನಾಟಕ ಪದ್ಧತಿಯ ಲೆಕ್ಕದಲ್ಲಿ. ಬೇರೆ ಊರಿನವರು ನಿಮ್ಮ ಬೀದಿಯಲ್ಲೇ ಹುಡುಕಿ, ವಾದ್ಯದ ಅಂಗಡಿಯಿಂದ ಶುರು ಮಾಡಿ. ಆ ಶ್ರುತಿಯ ಕೊಳಲು ಇಲ್ಲದವರಿಗೆ ನಮ್ಮ ಹತ್ತಿರ ಒಂದು ಜಾಸ್ತಿ ಇದೆ. ಸೀಳು ಬಿಟ್ಟಿತ್ತು, ದಾರ ಸುತ್ತಿದ್ದೇವೆ, ತಾರ ಸ್ಥಾಯಿ, ಅಂದರೆ ಮೇಲಿನ ಸ್ವರಗಳು, ಮಾತ್ರ ಸ್ವಲ್ಪ ಸತಾಯಿಸುತ್ತವೆ.