ಬಡ್ಡಿ ಬಂತು, ಅಸಲು ಬಂತಾ?

2013ರ ಕೊನೆಗೆ ಆಸ್ಟ್ರೇಲಿಯನ್ ಫುಟ್‌ಬಾಲ್ (ಅಲ್ಲಿಯವರ ಬಾಯಲ್ಲಿ ಫುಟ್ಟಿ) ಆಡುವ ಸಿಡ್ನಿ ಸ್ವಾನ್ಸ್ ಕ್ಲಬ್ಬು ಮೆಲ್ಬರ್ನ್‌ನ ಹಾಥಾರ್ನ್ ಕ್ಲಬ್ಬಿನಿಂದ ಲ್ಯಾನ್ಸ್ ಫ್ರ್ಯಾಂಕ್ಲಿನ್‌ನನ್ನು 9 ವರ್ಷಕ್ಕೆ, ಸುಮಾರು 1 ಕೋಟಿ ಡಾಲರ್‌ಗೆ ಕರೆತಂದಿತು. ಆಸ್ಟ್ರೇಲಿಯಾದಲ್ಲಿ ಯಾರೂ ಅವನನ್ನು ಲ್ಯಾನ್ಸ್ ಅನ್ನುವುದಿಲ್ಲ, ಎಲ್ಲರಿಗೂ ಅವನು ಬಡ್ಡಿ. ನಮ್ಮ ಕಿವಿಗೆ ಸಾಲದ ಲೆಕ್ಕದ ಹಾಗೆ ಕೇಳಿಸುತ್ತದೆ, ಅಲ್ವಾ? 2023ರ ಜುಲೈ 31ಕ್ಕೆ ಆತ ಆಟ ಬಿಟ್ಟ. ಸಿಡ್ನಿ ಹಾಕಿದ ದುಡ್ಡು ದಕ್ಕಿತಾ?

ಪರ: ದಕ್ಕಿತು, ಜಾಸ್ತಿಯೇ ದಕ್ಕಿತು

2022ರ ಮಾರ್ಚ್ 25, ಶುಕ್ರವಾರ ರಾತ್ರಿ. ನಾವು ಜನವರಿ ಚಳಿಯಲ್ಲಿ ಬೆಳಗಿನ ಜಾವ ಎದ್ದು ಟೆಸ್ಟ್ ಮ್ಯಾಚ್ ನೋಡುತ್ತೇವಲ್ಲ, ಅದೇ ಸಿಡ್ನಿ ಕ್ರಿಕೆಟ್ ಮೈದಾನ. ಕ್ರಿಕೆಟ್ ಸೀಸನ್ ಮುಗಿದ ಮೇಲೆ ಅಲ್ಲಿ ಫುಟ್ಟಿ ಶುರುವಾಗುತ್ತದೆ. ಅವತ್ತು ಎದುರಿಗೆ ಜೀಲಾಂಗ್. ಸಾವಿರ ಗೋಲ್ ಮುಟ್ಟಲು ಬಡ್ಡಿಗೆ ಇನ್ನು 4 ಬೇಕಿತ್ತು. ಮೂರು ಆಯಿತು. ಕೊನೆ ಕ್ವಾರ್ಟರ್‌ನಲ್ಲಿ ಜನ ಸೀಟು ಬಿಟ್ಟು ಮೆಟ್ಟಿಲಿಳಿದು ಬೇಲಿ ಹತ್ತಿರ ಬಂದು ನಿಂತಿದ್ದರು. ತೇರು ಎಳೆಯುವ ಮುಂಚೆ ಹಗ್ಗದ ಹತ್ತಿರ ಸೇರುತ್ತಾರಲ್ಲ, ಹಾಗೆ. ಚೆಂಡು ಅವನ ಕೈಗೆ ಬಂತು. ಎಡಗಾಲು. ಒದ್ದ.

ಆಮೇಲೆ ನಡೆದದ್ದನ್ನು ಆಟ ಅನ್ನುವುದೇ ಕಷ್ಟ. ಸಾವಿರಾರು ಜನ ಒಟ್ಟಿಗೆ ಒಳಗೆ ನುಗ್ಗಿದರು, ಹಸಿರು ಕಾಣದ ಹಾಗೆ ಮೈದಾನ ತುಂಬಿಹೋಯಿತು, 199 ಸೆಂಟಿಮೀಟರ್ ಎತ್ತರದ ಆಳು ಎಲ್ಲಿದ್ದಾನೆ ಅಂತಲೇ ಗೊತ್ತಾಗಲಿಲ್ಲ, ಮತ್ತೆ ಆಟ ಶುರುವಾಗಲು ಅರ್ಧ ಗಂಟೆಗೂ ಜಾಸ್ತಿ ಹಿಡಿಯಿತು. ಯಾರಿಗೂ ಸಿಟ್ಟಿಲ್ಲ. ಸೋಲುತ್ತಿದ್ದ ಜೀಲಾಂಗ್‌ನವರೂ ಸುಮ್ನೆ ಕಾದರು.

ಇದು ನಡೆದದ್ದು ಸಿಡ್ನಿಯಲ್ಲಿ ಅನ್ನುವುದನ್ನು ಮರೆಯಬೇಡಿ. ಮೆಲ್ಬರ್ನ್‌ನಲ್ಲಿ ಮಗು ಹುಟ್ಟುವಾಗಲೇ ಅದರ ಫುಟ್ಟಿ ಟೀಮ್ ತೀರ್ಮಾನವಾಗಿರುತ್ತದೆ. ಸಿಡ್ನಿ ರಗ್ಬಿ ಊರು. ಸ್ವಾನ್ಸ್ ಕೂಡ 1982ರಲ್ಲಿ ದಕ್ಷಿಣ ಮೆಲ್ಬರ್ನ್‌ನಿಂದ ಗಂಟುಮೂಟೆ ಕಟ್ಟಿಕೊಂಡು ಬಂದ ಕ್ಲಬ್ಬೇ. ಇಲ್ಲಿ ಆಟ ಬೇರು ಬಿಡಬೇಕಾದರೆ ಜನ ಕೆಲಸ ಬಿಟ್ಟು ನೋಡಲು ಬರುವಂಥ ಒಬ್ಬ ಬೇಕು. 1995ರಲ್ಲಿ ಟೋನಿ ಲಾಕೆಟ್ ಬಂದಾಗ ಹಾಗಾಯಿತು. ಲಾಕೆಟ್ 1360 ಗೋಲ್ ಹೊಡೆದವನು, ಇವತ್ತಿಗೂ ಅದೇ ದಾಖಲೆ. ಅವನೂ ಸಿಡ್ನಿಗೆ ಫ್ಲ್ಯಾಗ್, ಅಂದರೆ ಲೀಗಿನ ಚಾಂಪಿಯನ್ ಪಟ್ಟ, ಗೆದ್ದುಕೊಡಲಿಲ್ಲ. ಅದಕ್ಕೆ ಯಾರಾದರೂ ಅವನನ್ನು ದಂಡ ಅಂತಾರಾ?

ಫ್ಲ್ಯಾಗ್ ಬರಲಿಲ್ಲ ಅಂತ ಹಾಡುವವರಿಗೆ ಒಂದು ಮಾತು. ಒಂದು ಸಲಕ್ಕೆ ಒಂದೊಂದು ಕಡೆ 18 ಜನ ಆಡುವ ಆಟ ಇದು. ಅವನು ಮಾಡಬೇಕಾದ್ದನ್ನು ಮಾಡಿದ: ಸಿಡ್ನಿಗೆ 172 ಪಂದ್ಯ, 486 ಗೋಲ್. ಅತಿ ಹೆಚ್ಚು ಗೋಲ್‌ಗೆ ಕೊಡುವ ಕೋಲ್ಮನ್ ಪದಕ ಸ್ವಾನ್ಸ್ ಅಂಗಿಯಲ್ಲೇ ಎರಡು ಸಲ, 2014 ಮತ್ತು 2017. ಎರಡನೆಯದಕ್ಕಂತೂ ಕೊನೆ ಸುತ್ತಿನಲ್ಲಿ ಕಾರ್ಲ್ಟನ್ ಎದುರು 10 ಗೋಲ್ ಹೊಡೆದು ಹಿಂದಿನಿಂದ ಬಂದು ಕಿತ್ತುಕೊಂಡ. ಒಪ್ಪಂದ ಬರೆದಾಗ 9 ವರ್ಷ ಇವನು ಆಡುತ್ತಾನಾ ಅಂತ ನಕ್ಕವರು ಬೇಕಾದಷ್ಟು ಜನ. ಆತ 9 ಮುಗಿಸಿ 10ನೆಯದಕ್ಕೂ ಬಂದ.

2015ರ ಫೈನಲ್ಸ್ ಅನ್ನುವ ನಾಕೌಟ್ ಸುತ್ತಿಗೆ ಮುಂಚೆ ಮನಸ್ಸಿಗೆ ಹುಷಾರಿಲ್ಲ ಅಂತ ಹೇಳಿ ಆಟದಿಂದ ದೂರ ಕೂತ. ಮಂಡಿ ನೋವು ಅಂತ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅಂಥ ದೊಡ್ಡ ಗಂಡಾಳು ನನಗಾಗುತ್ತಿಲ್ಲ ಅಂದದ್ದನ್ನು ಕೇಳಿ ಎಷ್ಟು ಹುಡುಗರು ಮನೆಯಲ್ಲಿ ಬಾಯಿ ಬಿಟ್ಟರೋ, ಅದನ್ನು ಯಾವ ಸ್ಕೋರ್‌ಬೋರ್ಡಿನಲ್ಲಿ ಬರೆಯುತ್ತೀರಿ?

ವಿರೋಧ: ಆಟಗಾರ ಚಿನ್ನ, ವ್ಯಾಪಾರ ನಷ್ಟ

ಮೊದಲೇ ಹೇಳಿಬಿಡುತ್ತೇನೆ, ನಾನು ಹಾಥಾರ್ನ್ ಕಡೆಯವನು. ಹೊಟ್ಟೆಕಿಚ್ಚು ಅಂದುಕೊಂಡರೂ ಸರಿ.

ನಾನು ಮೆಚ್ಚಿದ ಬಡ್ಡಿ ಕಂದು-ಹಳದಿ ಪಟ್ಟಿಯ 23ನೇ ನಂಬರಿನವನು. ಪಶ್ಚಿಮ ಆಸ್ಟ್ರೇಲಿಯಾದ ಗೋಧಿ ಸೀಮೆಯ ಡವರಿನ್ ಅನ್ನುವ ಪುಟ್ಟ ಊರಿಂದ ಬಂದ ನೂಂಗರ್ ಮೂಲನಿವಾಸಿ ಹುಡುಗ. 2008ರಲ್ಲಿ ಒಂದೇ ಸೀಸನ್ನಿಗೆ 113 ಗೋಲ್. ಅದಾದ ಮೇಲೆ ಇವತ್ತಿನವರೆಗೆ ಯಾರೂ ಒಂದು ಸೀಸನ್ನಿನಲ್ಲಿ ನೂರು ಮುಟ್ಟಿಲ್ಲ. 2010ರಲ್ಲಿ ಎಸೆಂಡನ್ ಎದುರು ಹೊಡೆದ ಗೋಲ್ ನೋಡಿ. ಗೆರೆ ಪಕ್ಕದಲ್ಲೇ ಓಡುತ್ತಾನೆ, ಚೆಂಡು ಮೊಟ್ಟೆ ಆಕಾರದ್ದು, 15 ಮೀಟರ್‌ಗೊಮ್ಮೆ ನೆಲಕ್ಕೆ ಪುಟಿಸಲೇಬೇಕು, ಒಂಚೂರು ಓರೆ ಬಿದ್ದರೆ ಎಲ್ಲಿಗೋ ಹಾರುತ್ತದೆ. ಇವನು ಮಾತ್ರ ನಾಯಿಮರಿಯನ್ನು ವಾಕಿಂಗ್ ಕರೆದುಕೊಂಡು ಹೋದ ಹಾಗೆ ಪುಟಿಸಿಕೊಂಡು, ಬೆನ್ನಟ್ಟಿದವನನ್ನು ಹಿಂದೆ ಬಿಟ್ಟು, ಇಕ್ಕಟ್ಟಾದ ಮೂಲೆಯಿಂದ ಎಡಗಾಲಲ್ಲಿ ಒದೆಯುತ್ತಾನೆ. ಆ ವರ್ಷದ ಅತ್ಯುತ್ತಮ ಗೋಲ್ ಅದೇ. ನಾನು ಇನ್ನೂ ನೋಡುತ್ತಿರುತ್ತೇನೆ.

ಆದರೆ ಪ್ರಶ್ನೆ ಆಟಗಾರನದ್ದಲ್ಲ, ಸಿಡ್ನಿ ತೆತ್ತ ಬೆಲೆಯದು.

ಈ ಲೀಗಿನಲ್ಲಿ ಪ್ರತಿ ಕ್ಲಬ್ಬಿಗೂ ಆಟಗಾರರ ಸಂಬಳಕ್ಕೆ ಒಂದು ಮಿತಿ ಇದೆ. ಒಬ್ಬನ ತಟ್ಟೆಗೆ ಜಾಸ್ತಿ ಬಡಿಸಿದರೆ ಪಂಕ್ತಿಯ ಕೊನೆಯವನಿಗೆ ಸಾರು ಸಾಲುವುದಿಲ್ಲ. ಬಡ್ಡಿ ಬಂದ ವರ್ಷವೇ ಶೇನ್ ಮಮ್ಫರ್ಡ್ ಎದ್ದು ಅದೇ ಊರಿನ ಇನ್ನೊಂದು ಕ್ಲಬ್ಬಿಗೆ ಹೋದ. 2012ರ ಫ್ಲ್ಯಾಗ್ ಗೆದ್ದ ತಂಡದ ದೈತ್ಯ ರಕ್‌ಮನ್ ಅವನು, ಅಂದರೆ ಮೇಲೆ ಹಾರಿಸಿದ ಚೆಂಡನ್ನು ಎಗರಿ ತನ್ನವರ ಕಡೆ ತಟ್ಟುವವನು. 2016ರ ಕೊನೆಗೆ ಟಾಮ್ ಮಿಚೆಲ್ ಹೋದ. ಎಲ್ಲಿಗೆ? ನಮ್ಮ ಹಾಥಾರ್ನ್‌ಗೆ! 2018ರಲ್ಲಿ ಲೀಗಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕ ಅವನಿಗೇ ಬಂತು. ಇದು ಸಾಲದು ಅಂತ ಲೀಗಿನವರು ಬಡ್ಡಿ ಒಪ್ಪಂದದ ಮರುವರ್ಷ ಸ್ವಾನ್ಸ್‌ಗೆ ಆಟಗಾರರನ್ನು ಕೊಳ್ಳದ ಹಾಗೆ ನಿಷೇಧವನ್ನೇ ಹಾಕಿದರು. ದುಬಾರಿ ಊರು ಅಂತ ಕೊಡುತ್ತಿದ್ದ ಹೆಚ್ಚುವರಿ ಭತ್ಯೆಯನ್ನೂ ಕಿತ್ತುಕೊಂಡರು. ಅದು ಅನ್ಯಾಯ ಅಂತ ನನಗೂ ಅನ್ನಿಸುತ್ತದೆ. ಅನ್ಯಾಯವೋ ನ್ಯಾಯವೋ, ಬಿಲ್ಲು ಬಂದದ್ದು ಸಿಡ್ನಿಗೆ.

ಇನ್ನು ಫಲ. ಅವನಿದ್ದ ಸ್ವಾನ್ಸ್ ಫ್ಲ್ಯಾಗ್ ತೀರ್ಮಾನವಾಗುವ ಗ್ರ್ಯಾಂಡ್ ಫೈನಲ್ ಮೂರು ಸಲ ಮುಟ್ಟಿತು. 2014ರಲ್ಲಿ 63 ಪಾಯಿಂಟ್ ಸೋಲು. 2016ರಲ್ಲಿ 22 ಪಾಯಿಂಟ್, ಅವತ್ತು ಶುರುವಿನಲ್ಲೇ ಅವನ ಕಾಲು ಉಳುಕಿತ್ತು. 2022ರಲ್ಲಿ 81 ಪಾಯಿಂಟ್, ಅವನಿಂದ ಒಂದೂ ಗೋಲ್ ಇಲ್ಲ. ಅವನ ಎರಡೂ ಫ್ಲ್ಯಾಗ್, 2008 ಮತ್ತು 2013, ಹಾಥಾರ್ನ್‌ನಲ್ಲೇ ಬಂದವು. ಅವನನ್ನು ಕಳೆದುಕೊಂಡ ಹಾಥಾರ್ನ್ 2014, 2015 ಎರಡನ್ನೂ ಗೆದ್ದು ಹ್ಯಾಟ್ರಿಕ್ ಮುಗಿಸಿತು. ಲಾಕೆಟ್ ಕಥೆ ಹೇಳುವವರು ಒಂದು ಮರೆಯುತ್ತಾರೆ. ಲಾಕೆಟ್ ಬಂದಾಗ ಸ್ವಾನ್ಸ್ ಮುಳುಗುತ್ತಿದ್ದ ದೋಣಿ, ಯಾವ ಹುಲ್ಲುಕಡ್ಡಿ ಸಿಕ್ಕರೂ ಲಾಭವೇ. ಬಡ್ಡಿ ಬರುವಾಗ ಅದು ಹಿಂದಿನ ವರ್ಷವಷ್ಟೇ ಫ್ಲ್ಯಾಗ್ ಗೆದ್ದಿದ್ದ ತಂಡ. ಗೆದ್ದದ್ದು ಯಾರ ಮೇಲೆ? ಬಡ್ಡಿ ಇದ್ದ ಹಾಥಾರ್ನ್ ಮೇಲೆ, 10 ಪಾಯಿಂಟ್‌ಗಳಿಂದ. ತನ್ನ ಕೈಯಲ್ಲಿ ಸೋತವನನ್ನು ತರಲು ತನ್ನ ಗೆದ್ದ ತಂಡವನ್ನೇ ಬಿಚ್ಚಿದರು.

ಕೊನೆ ವರ್ಷಗಳ ಗಾಯದ ಲೆಕ್ಕ ನಾನು ಜಾಸ್ತಿ ಎಳೆಯುವುದಿಲ್ಲ, 2019ರಲ್ಲಿ 10 ಪಂದ್ಯ, 2020ರಲ್ಲಿ ಒಂದೂ ಇಲ್ಲ. ಮೈ ಯಾರ ಮಾತನ್ನೂ ಕೇಳುವುದಿಲ್ಲ. ಆದರೆ 26 ದಾಟಿ 27ಕ್ಕೆ ಕಾಲಿಡುತ್ತಿದ್ದವನಿಗೆ 9 ವರ್ಷ ಬರೆದುಕೊಟ್ಟವರಿಗೆ ಇದು ಗೊತ್ತಿರಬೇಕಿತ್ತು.

ಒಟ್ಟು 354 ಪಂದ್ಯ, 1066 ಗೋಲ್, ಸಾರ್ವಕಾಲಿಕ ಪಟ್ಟಿಯಲ್ಲಿ 4ನೇ ಸ್ಥಾನ. ಅದರಲ್ಲಿ 580 ನಮ್ಮವು. ಅದನ್ನು ಯಾರೂ ಕಿತ್ತುಕೊಳ್ಳಲಾರರು. ಹೋಗುವಾಗಲೂ ಕ್ಯಾಮೆರಾ ಮುಂದೆ ಕೂತು ಕಣ್ಣೀರಿನ ಭಾಷಣ ಮಾಡದೆ, ಕ್ಲಬ್ಬಿಗೆ ಹೇಳಿ ಹೊರಟುಬಿಟ್ಟ. ಅದು ನನಗೆ ಇಷ್ಟವಾಯಿತು.

2014ರ ಫೈನಲ್ ದಿನ ಅವನು ಕೆಂಪು-ಬಿಳಿ ಅಂಗಿ ಹಾಕಿ ನಮ್ಮ ಎದುರು 4 ಗೋಲ್ ಹೊಡೆದ. ಮೊದಲನೆಯದಕ್ಕೆ ನಾನು ಹಳೇ ಅಭ್ಯಾಸದಲ್ಲಿ ಟಿವಿ ಮುಂದೆ ಎದ್ದು ನಿಂತು ಚಪ್ಪಾಳೆ ಹೊಡೆದುಬಿಟ್ಟೆ. ಕೊರಳಲ್ಲಿ ಕಂದು-ಹಳದಿ ಸ್ಕಾರ್ಫ್ ಇತ್ತು. ಮನೆಯವರೆಲ್ಲ ತಿರುಗಿ ನೋಡಿದರು.